ದಾರಿ ಬದಿಯ ಫಲಕಗಳಲ್ಲಿ ಒಂದು ಕೌಂಟಿಯ ಚರಿತ್ರೆ

(ಉಪನ್ಯಾಸದ ಬರಹ ರೂಪ)



ನಮ್ಮ ಹಳ್ಳಿಗಳ ಹೊರವಲಯದಲ್ಲಿ, ಕೆರೆಯ ಏರಿಯ ಮೇಲೆ, ದೇವಸ್ಥಾನದ ಹಿಂಭಾಗದಲ್ಲಿ ನಿಂತಿರುವ ವೀರಗಲ್ಲುಗಳನ್ನು ಎಲ್ಲರೂ ನೋಡಿರುತ್ತೀರಿ. ದಿನವೂ ಅದರ ಪಕ್ಕದಲ್ಲೇ ಓಡಾಡುವವರಿಗೆ ಅದು ಒಂದು ಕಲ್ಲು. ನಿಂತು ಓದಬಲ್ಲವರಿಗೆ ಅದು ಆ ಊರಿನ ಚರಿತ್ರೆಯ ಒಂದು ಪುಟ. ಯಾರು ಸತ್ತರು, ಯಾವುದಕ್ಕಾಗಿ ಸತ್ತರು, ಕಲ್ಲು ನಿಲ್ಲಿಸಿದವರು ಯಾರು ಎಂಬುದನ್ನು ಅದು ಹೇಳುತ್ತದೆ. ಕಲ್ಲು ನಿಲ್ಲಿಸುವ ಶಕ್ತಿ ಯಾರಿಗಿತ್ತು ಎಂಬುದನ್ನೂ ಬಾಯಿಬಿಡದೆ ಹೇಳುತ್ತದೆ.

ಅಮೆರಿಕದ ರಸ್ತೆಗಳಲ್ಲಿ ಇದೇ ಕೆಲಸವನ್ನು ಲೋಹದ ಫಲಕಗಳು ಮಾಡುತ್ತವೆ. ಹೆದ್ದಾರಿಯ ಪಕ್ಕ ಒಂದು ಕಂಬ. ಅದರ ತಲೆಯ ಮೇಲೆ ಎರಕ ಹೊಯ್ದ ಒಂದು ಫಲಕ. ಅದರಲ್ಲಿ ಒಂದು ಶೀರ್ಷಿಕೆ ಮತ್ತು ಏಳೆಂಟು ಸಾಲು ಬರಹ. ಇಲ್ಲಿ ಇಂಥ ಯುದ್ಧ ನಡೆಯಿತು, ಇಂಥ ಮಹನೀಯರು ಈ ಮನೆಯಲ್ಲಿ ಹುಟ್ಟಿದರು, ಇಲ್ಲಿಂದ ಎರಡು ಮೈಲಿ ದೂರದಲ್ಲಿ ಹಳೆಯ ಚರ್ಚು ಇತ್ತು ಎಂಬ ವಿವರ. ಒಂದೊಂದೇ ಫಲಕವನ್ನು ಓದಿದರೆ ಅದು ಬರಿಯ ಮಾಹಿತಿ. ಒಂದು ಕೌಂಟಿಯ ಫಲಕಗಳನ್ನೆಲ್ಲ ಒಟ್ಟಿಗೆ ಇಟ್ಟು ಓದಿದರೆ ಆ ನೆಲದ ಜನ ತಮ್ಮ ಚರಿತ್ರೆ ಎಂದು ಯಾವುದನ್ನು ಒಪ್ಪಿಕೊಂಡರು, ಯಾವುದನ್ನು ಬಹುಕಾಲ ಬಾಯಿಗೆ ತರಲಿಲ್ಲ ಎಂಬುದು ತಿಳಿಯುತ್ತದೆ.

ಇವತ್ತಿನ ಮಾತು ಅಂಥ ಒಂದು ಕೌಂಟಿಯ ಬಗ್ಗೆ. ಹೆಸರು ಪ್ರಿನ್ಸ್ ಎಡ್ವರ್ಡ್ ಕೌಂಟಿ. ಅಮೆರಿಕದ ವರ್ಜೀನಿಯ ರಾಜ್ಯದಲ್ಲಿದೆ. ಕೌಂಟಿ ಎಂದರೆ ರಾಜ್ಯದೊಳಗಿನ ಆಡಳಿತ ವಿಭಾಗ. ವಿಸ್ತಾರದಲ್ಲಿ ನಮ್ಮ ತಾಲ್ಲೂಕಿಗೆ ಹೋಲಿಸಬಹುದು. ಆದರೆ ತೆರಿಗೆ ಹಾಕುವ, ಶಾಲೆಗಳಿಗೆ ಹಣ ಕೊಡುವ ಅಧಿಕಾರ ಅಲ್ಲಿನ ಚುನಾಯಿತ ಮಂಡಳಿಯ ಕೈಯಲ್ಲಿರುತ್ತದೆ. ಈ ಅಧಿಕಾರದ ಮಾತು ನೆನಪಿರಲಿ, ಮುಂದೆ ಅದು ಮುಖ್ಯವಾಗುತ್ತದೆ.

ರಾಜಧಾನಿ ರಿಚ್‌ಮಂಡ್‌ನಿಂದ ಪಶ್ಚಿಮಕ್ಕೆ ಸುಮಾರು 100 ಕಿಲೋಮೀಟರ್ ಹೋದರೆ ಈ ಕೌಂಟಿ ಸಿಗುತ್ತದೆ. 1754ರಲ್ಲಿ ಅಮೀಲಿಯ ಎಂಬ ಕೌಂಟಿಯಿಂದ ಬೇರ್ಪಡಿಸಿ ಇದನ್ನು ರಚಿಸಲಾಯಿತು. ಮುಂದೆ ಮೂರನೇ ಜಾರ್ಜ್ ಎಂಬ ಹೆಸರಿನಲ್ಲಿ ಇಂಗ್ಲೆಂಡಿನ ದೊರೆಯಾದವನ ತಮ್ಮ ಎಡ್ವರ್ಡ್‌ನ ಹೆಸರನ್ನು ಇಟ್ಟರು. ತಂಬಾಕು ಬೆಳೆಯುತ್ತಿದ್ದ ನೆಲ. ಜನಸಂಖ್ಯೆ 2020ರ ಗಣತಿಯಲ್ಲಿ 22 ಸಾವಿರದ ಆಸುಪಾಸು. ಮುಖ್ಯ ಪಟ್ಟಣ ಫಾರ್ಮ್‌ವಿಲ್. ಇಷ್ಟು ಸಣ್ಣ ಪ್ರದೇಶದ ಹೆಸರು ಅಮೆರಿಕದ ಸಂವಿಧಾನದ ಚರಿತ್ರೆಯಲ್ಲಿ ಮತ್ತೆ ಮತ್ತೆ ಬರುತ್ತದೆ. ಅದಕ್ಕೆ ಕಾರಣ ಒಂದು ಶಾಲೆ.

ಫಲಕಗಳು ಬಂದ ಬಗೆ

ಮೊದಲು ಈ ಫಲಕಗಳ ಹುಟ್ಟಿನ ಕತೆ. 1920ರ ದಶಕದಲ್ಲಿ ಅಮೆರಿಕದ ಸಾಮಾನ್ಯ ಕುಟುಂಬಗಳಿಗೂ ಮೋಟಾರು ಕಾರು ಬಂತು. ಕಾರಿಗೆ ರಸ್ತೆ ಬೇಕಾಯಿತು. ರಸ್ತೆಯಾದ ಮೇಲೆ ಅದರಲ್ಲಿ ಓಡಾಡುವ ಪ್ರವಾಸಿಗರನ್ನು ತಮ್ಮ ರಾಜ್ಯದಲ್ಲಿ ನಾಲ್ಕು ದಿನ ನಿಲ್ಲಿಸಿಕೊಳ್ಳುವ ಉಪಾಯ ಬೇಕಾಯಿತು. ವರ್ಜೀನಿಯದಲ್ಲಿ ಮಾರಾಟಕ್ಕೆ ಇಡಬಹುದಾಗಿದ್ದ ದೊಡ್ಡ ಸರಕೆಂದರೆ ಅದರ ಚರಿತ್ರೆ. ವಾಷಿಂಗ್ಟನ್, ಜೆಫರ್ಸನ್ ಹುಟ್ಟಿದ ನಾಡು. ಅಂತರ್ಯುದ್ಧದ ದೊಡ್ಡ ಕದನಗಳು ನಡೆದ ನಾಡು.

ಆಗ ಗವರ್ನರ್ ಆಗಿದ್ದವರು ಹ್ಯಾರಿ ಬರ್ಡ್. ಅವರ ಆಡಳಿತದಲ್ಲಿ 1926ರಲ್ಲಿ ರಾಜ್ಯದ ಸಂಪನ್ಮೂಲ ರಕ್ಷಣೆ ಮತ್ತು ಅಭಿವೃದ್ಧಿಗೆಂದು ಒಂದು ಆಯೋಗ ರಚನೆಯಾಯಿತು. ಆ ಆಯೋಗದ ಕೆಲಸಗಳಲ್ಲಿ ಫಲಕ ನಿಲ್ಲಿಸುವುದೂ ಒಂದು. 1927ರಲ್ಲಿ ರಿಚ್‌ಮಂಡ್ ಮತ್ತು ವಾಷಿಂಗ್ಟನ್ ನಡುವಣ ಒಂದನೇ ನಂಬರಿನ ಹೆದ್ದಾರಿಯಲ್ಲಿ ಮೊದಲ ಫಲಕಗಳು ಎದ್ದವು. ಬೆಳ್ಳಿಯ ಬಣ್ಣದ ಹಿನ್ನೆಲೆ, ಕಪ್ಪು ಅಕ್ಷರ. ಪ್ರತಿ ಫಲಕಕ್ಕೂ ಒಂದು ಅಕ್ಷರ ಮತ್ತು ಒಂದು ಸಂಖ್ಯೆ. ಅಕ್ಷರ ದಾರಿಯನ್ನು ಸೂಚಿಸಿದರೆ ಸಂಖ್ಯೆ ಆ ದಾರಿಯ ಮೇಲಿನ ಫಲಕವನ್ನು ಸೂಚಿಸುತ್ತಿತ್ತು. ಕಾರು ನಿಲ್ಲಿಸಲು ಪುರುಸೊತ್ತಿಲ್ಲದವರಿಗಾಗಿ ಫಲಕಗಳ ಬರಹವನ್ನೆಲ್ಲ ಸೇರಿಸಿ ಕೈಪಿಡಿಯನ್ನೂ ಅಚ್ಚು ಹಾಕಿದರು. ಇಂದು ರಾಜ್ಯದಲ್ಲಿ ಇಂಥ ಫಲಕಗಳು 2,600ಕ್ಕೂ ಹೆಚ್ಚು. ಅಮೆರಿಕದ ಹಳೆಯ ಫಲಕ ಯೋಜನೆಗಳಲ್ಲಿ ಇದೂ ಒಂದು.

ಹ್ಯಾರಿ ಬರ್ಡ್ ಎಂಬ ಹೆಸರನ್ನೂ ಸ್ವಲ್ಪ ಹೊತ್ತು ನೆನಪಿನಲ್ಲಿಡಬೇಕು. ಆ ಹೆಸರು ಈ ಕತೆಯಲ್ಲಿ ಇನ್ನೊಮ್ಮೆ ಬರಲಿದೆ.

ಸೇನೆ ಹಾದುಹೋದ ದಾರಿ

ಪ್ರಿನ್ಸ್ ಎಡ್ವರ್ಡ್ ಕೌಂಟಿಯ ರಸ್ತೆಗಳಲ್ಲಿ ಪ್ರವಾಸಿಗರನ್ನು ಮೊದಲು ತಡೆದು ನಿಲ್ಲಿಸುವುದು ಅಂತರ್ಯುದ್ಧ. ಗುಲಾಮಗಿರಿಯ ಪ್ರಶ್ನೆಯ ಮೇಲೆ ಒಕ್ಕೂಟದಿಂದ ಸಿಡಿದುಹೋದ ದಕ್ಷಿಣದ ರಾಜ್ಯಗಳಿಗೂ ಉತ್ತರಕ್ಕೂ 1861ರಿಂದ 1865ರವರೆಗೆ ನಡೆದ ಯುದ್ಧ ಅದು. 1865ರ ಏಪ್ರಿಲ್ ತಿಂಗಳ ಮೊದಲ ವಾರ ದಕ್ಷಿಣದ ಸೇನಾಪತಿ ರಾಬರ್ಟ್ ಇ. ಲೀ ರಿಚ್‌ಮಂಡ್ ಕೈಬಿಟ್ಟು, ಹಸಿದ ಸೈನ್ಯದೊಡನೆ ಪಶ್ಚಿಮಕ್ಕೆ ಹಿಮ್ಮೆಟ್ಟುತ್ತಿದ್ದ. ಆ ಹಿಮ್ಮೆಟ್ಟಿಕೆಯ ದಾರಿ ಈ ಕೌಂಟಿಯ ಮೂಲಕ ಹಾದಿದೆ.

ಏಪ್ರಿಲ್ 6ರಂದು ಅಮೀಲಿಯ ಮತ್ತು ಪ್ರಿನ್ಸ್ ಎಡ್ವರ್ಡ್ ಕೌಂಟಿಗಳ ಗಡಿಯ ಬಳಿ, ಸೇಲರ್ಸ್ ಕ್ರೀಕ್ ಎಂಬ ಹಳ್ಳದ ದಂಡೆಯಲ್ಲಿ ಲೀಯ ಸೈನ್ಯದ ಸುಮಾರು 7,700 ಮಂದಿಯನ್ನು ಅವನು ಕಳೆದುಕೊಂಡ. ಅವರಲ್ಲಿ ಬಹುತೇಕರು ಸೆರೆಸಿಕ್ಕವರು. ಎಂಟು ಜನ ಜನರಲ್‌ಗಳೂ ಸೆರೆಯಾದರು. ಅವರಲ್ಲಿ ಲೀಯ ಸ್ವಂತ ಮಗನೂ ಇದ್ದ. ಮಾರನೆಯ ದಿನ, ಏಪ್ರಿಲ್ 7ರಂದು, ಅಪೊಮ್ಯಾಟಕ್ಸ್ ನದಿಯ ಕಣಿವೆಗೆ ಅಡ್ಡಲಾಗಿ ಕಟ್ಟಿದ್ದ ಹೈ ಬ್ರಿಡ್ಜ್ ಎಂಬ ರೈಲು ಸೇತುವೆಗೆ ಹಿಮ್ಮೆಟ್ಟುವ ಸೈನಿಕರು ಬೆಂಕಿ ಇಟ್ಟರು. ಅದು 2,400 ಅಡಿ ಉದ್ದದ ಎತ್ತರದ ಸೇತುವೆ. ಅದರ ಕೆಳಗೆ ಗಾಡಿಗಳು ದಾಟುವ ಇನ್ನೊಂದು ತಗ್ಗಿನ ಸೇತುವೆ ಇತ್ತು. ಅದು ಸುಟ್ಟುಹೋಗುವ ಮೊದಲೇ ಉತ್ತರದ ಸೈನಿಕರು ಬಂದು ಉಳಿಸಿಕೊಂಡರು. ಅದರ ಮೇಲೆ ದಾಟಿ ಬೆನ್ನಟ್ಟಿದರು. ಅದೇ ದಿನ ಫಾರ್ಮ್‌ವಿಲ್‌ನಿಂದ ಉತ್ತರದ ಸೇನಾಪತಿ ಗ್ರಾಂಟ್ ಶರಣಾಗುವಂತೆ ಲೀಗೆ ಪತ್ರ ಬರೆದ. ಎರಡು ದಿನಗಳ ನಂತರ, ಏಪ್ರಿಲ್ 9ರಂದು, ಪಕ್ಕದ ಅಪೊಮ್ಯಾಟಕ್ಸ್ ಕೌಂಟಿಯಲ್ಲಿ ಲೀ ಶರಣಾದ.

ಇದು ದೊಡ್ಡ ಘಟನೆಯೇ. ಆ ನೆಲದಲ್ಲಿ ಫಲಕ ನಿಂತದ್ದು ತಪ್ಪಲ್ಲ. ಆದರೆ ಲೆಕ್ಕ ಒಂದನ್ನು ಗಮನಿಸಬೇಕು. ಲೀಯ ಸೈನ್ಯ ಈ ಕೌಂಟಿಯಲ್ಲಿ ಇದ್ದದ್ದು ಎರಡು ದಿನ ಮಾತ್ರ. ಹಾದುಹೋದ ಆ ಎರಡು ದಿನಗಳ ಪ್ರತಿ ತಿರುವಿಗೂ ಗುರುತು ಸಿಕ್ಕಿತು. ಆ ನೆಲದಲ್ಲೇ ಹುಟ್ಟಿ, ದುಡಿದು, ಅಲ್ಲೇ ಮಣ್ಣಾದ ಕಪ್ಪು ಜನರ ಇನ್ನೂರು ವರ್ಷಗಳ ಬದುಕಿನ ಕಡೆಗೆ ಆ ಮೊದಲ ತಲೆಮಾರಿನ ಫಲಕಗಳು ಹೊರಳಿ ನೋಡಲಿಲ್ಲ. ಫಲಕದ ಬರಹವನ್ನು ನಿರ್ಧರಿಸುವ ಕೋಣೆಯಲ್ಲಿ ಆ ಜನ ಇರಲಿಲ್ಲ.

ಇಸ್ರೇಲ್ ಗುಡ್ಡ

ಆ ಬದುಕಿಗೆ ಸಾಕ್ಷಿ ಇರಲಿಲ್ಲ ಎನ್ನುವಂತಿಲ್ಲ. ಫಾರ್ಮ್‌ವಿಲ್ ಪಟ್ಟಣದ ಅಂಚಿನಲ್ಲಿ ಇಸ್ರೇಲ್ ಹಿಲ್ ಎಂಬ ಸ್ಥಳವಿದೆ. ಅದರ ಕತೆ ಹೇಳುವ ಫಲಕವೂ ಈಗ ಅಲ್ಲಿದೆ.

ರಿಚರ್ಡ್ ರ‍್ಯಾಂಡಾಲ್ಫ್ ಎಂಬ ಜಮೀನುದಾರ 1796ರಲ್ಲಿ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ. ಆತ ಬರೆದಿಟ್ಟ ಉಯಿಲು ಅಸಾಮಾನ್ಯವಾದದ್ದು. ತನ್ನ ವಶದಲ್ಲಿದ್ದ ಗುಲಾಮರನ್ನೆಲ್ಲ ಬಿಡುಗಡೆ ಮಾಡಬೇಕು, ಅವರಿಗೆ ತನ್ನ ಜಮೀನಿನಲ್ಲಿ ಪಾಲು ಕೊಡಬೇಕು ಎಂದು ಬರೆದಿದ್ದ. ಗುಲಾಮಗಿರಿ ಅನ್ಯಾಯವೆಂದು ಕಟುವಾದ ಮಾತಿನಲ್ಲಿ ಹೇಳಿದ್ದ. ಸಾಲ ತೀರಿಸಿ ಉಯಿಲನ್ನು ಜಾರಿಗೆ ತರಲು ಅವನ ಹೆಂಡತಿ ಜೂಡಿತ್‌ಗೆ ಹದಿನಾಲ್ಕು ವರ್ಷ ಹಿಡಿಯಿತು. 1810–11ರಲ್ಲಿ ಸುಮಾರು 90 ಮಂದಿ ಬಿಡುಗಡೆಯಾಗಿ 350 ಎಕರೆ ಭೂಮಿಯ ಒಡೆಯರಾದರು. ಬೈಬಲ್ಲಿನಲ್ಲಿ ಈಜಿಪ್ಟಿನ ಸೆರೆಯಿಂದ ಬಿಡುಗಡೆಯಾದ ಜನರ ನೆನಪಿನಲ್ಲಿ ಆ ಜಾಗಕ್ಕೆ ಇಸ್ರೇಲ್ ಹಿಲ್ ಎಂಬ ಹೆಸರು ಬಂತು.

ಇವರಲ್ಲಿ ಕೆಲವರು ಬೇಸಾಯಗಾರರು, ಕೆಲವರು ಬಡಗಿಗಳು, ಹಲವರು ಅಪೊಮ್ಯಾಟಕ್ಸ್ ನದಿಯಲ್ಲಿ ತಂಬಾಕು ಸಾಗಿಸುವ ದೋಣಿಗಾರರು. ಬಿಳಿಯರ ಜತೆ ವ್ಯವಹಾರ ಮಾಡಿದರು. ಅನ್ಯಾಯವಾದಾಗ ಕೋರ್ಟಿನ ಮೆಟ್ಟಿಲು ಹತ್ತಿದರು. ಫಾರ್ಮ್‌ವಿಲ್‌ನ ಬ್ಯಾಪ್ಟಿಸ್ಟ್ ಚರ್ಚನ್ನು ಸ್ಥಾಪಿಸಿದವರಲ್ಲಿ ಬಿಳಿಯರ ಜತೆ ಇಸ್ರೇಲ್ ಗುಡ್ಡದವರೂ ಇದ್ದರು. ಸುತ್ತಮುತ್ತ ಗುಲಾಮಗಿರಿ ಇನ್ನೂ ಐವತ್ತು ವರ್ಷ ಮುಂದುವರಿಯಿತು ಎಂಬುದನ್ನು ಮರೆಯುವಂತಿಲ್ಲ. ಆದರೆ ಬಿಡುಗಡೆ ಮಾಡಿದರೆ ಈ ಜನ ಬದುಕಲಾರರು ಎಂದು ದಕ್ಷಿಣದ ಗುಲಾಮರ ಒಡೆಯರು ಹೇಳುತ್ತಿದ್ದ ವಾದಕ್ಕೆ ಆ 350 ಎಕರೆಯೇ ಉತ್ತರವಾಗಿತ್ತು. ಇಷ್ಟಿದ್ದರೂ ದಾರಿಹೋಕರಿಗೆ ಈ ಕತೆ ಹೇಳುವವರು ಬಹುಕಾಲ ಇರಲಿಲ್ಲ.

ಡಾಂಬರು ಕಾಗದದ ಕೊಠಡಿಗಳು

ಇಸ್ರೇಲ್ ಗುಡ್ಡದಿಂದ ಫಾರ್ಮ್‌ವಿಲ್ ಪಟ್ಟಣದ ಒಳಕ್ಕೆ ಬಂದರೆ ಮುಖ್ಯ ರಸ್ತೆಯ ತಿರುವಿನಲ್ಲಿ ಇಟ್ಟಿಗೆಯ ಒಂದು ಒಂದಂತಸ್ತಿನ ಕಟ್ಟಡವಿದೆ. ಅದು ರಾಬರ್ಟ್ ರಸ್ಸ ಮೋಟನ್ ಹೈಸ್ಕೂಲು. ಇದೇ ಕೌಂಟಿಯಲ್ಲಿ ಬೆಳೆದು, ಮುಂದೆ ಟಸ್ಕೆಗೀ ವಿದ್ಯಾಸಂಸ್ಥೆಯ ಮುಖ್ಯಸ್ಥರಾದ ಶಿಕ್ಷಣತಜ್ಞ ಮೋಟನ್ ಅವರ ಹೆಸರನ್ನು ಶಾಲೆಗೆ ಇಡಲಾಗಿತ್ತು. ಆ ಶಾಲೆಯ ಕತೆಯನ್ನು ಹೇಳುವ ಫಲಕವೂ ಅಲ್ಲಿದೆ.

ಶಾಲೆ ಆರಂಭವಾದದ್ದು 1939ರಲ್ಲಿ, ಕಪ್ಪು ಮಕ್ಕಳಿಗಾಗಿ. ಆಗ ವರ್ಜೀನಿಯದಲ್ಲಿ ಬಿಳಿಯ ಮಕ್ಕಳಿಗೂ ಕಪ್ಪು ಮಕ್ಕಳಿಗೂ ಬೇರೆ ಬೇರೆ ಶಾಲೆ. ಬೇರೆಯಾದರೂ ಸಮಾನವಾಗಿರಬೇಕು ಎಂಬುದು ಕಾನೂನಿನ ಮಾತು. ನಡೆದದ್ದು ಬೇರೆ. ಮೋಟನ್ ಶಾಲೆಯನ್ನು 180 ಮಕ್ಕಳಿಗೆಂದು ಕಟ್ಟಲಾಗಿತ್ತು. 1951ರ ಹೊತ್ತಿಗೆ 450ಕ್ಕೂ ಹೆಚ್ಚು ಮಕ್ಕಳಿದ್ದರು. ಹೊಸ ಕಟ್ಟಡ ಕೇಳಿದಾಗ ಶಾಲಾ ಮಂಡಳಿ ಕೊಟ್ಟದ್ದು ಮರದ ಚೌಕಟ್ಟಿಗೆ ಡಾಂಬರು ಬಳಿದ ಕಾಗದ ಹೊದಿಸಿದ ಶೆಡ್‌ಗಳನ್ನು. ಮಳೆ ಬಂದರೆ ಸೋರುತ್ತಿದ್ದವು. ಚಳಿಗಾಲದಲ್ಲಿ ಒಲೆಯ ಹತ್ತಿರ ಕೂತ ಮಕ್ಕಳಿಗೆ ಬೆವರು, ದೂರ ಕೂತವರಿಗೆ ನಡುಕ. ನೋಡಿದವರು ಅವನ್ನು ಕೋಳಿಗೂಡಿಗೆ ಹೋಲಿಸುತ್ತಿದ್ದರು. ಊಟದ ಕೋಣೆಯಿಲ್ಲ, ಪ್ರಯೋಗಾಲಯವಿಲ್ಲ, ವ್ಯಾಯಾಮಶಾಲೆಯಿಲ್ಲ.

ಬಾರ್ಬರಾ ಜಾನ್ಸ್ ಆ ಶಾಲೆಯ ವಿದ್ಯಾರ್ಥಿನಿ. ವಯಸ್ಸು 16. ಡಾರ್ಲಿಂಗ್ಟನ್ ಹೈಟ್ಸ್ ಎಂಬ ಹಳ್ಳಿಯ ತಂಬಾಕು ಬೇಸಾಯದ ಕುಟುಂಬದವಳು. ಒಂದು ಬೆಳಿಗ್ಗೆ ತಂಗಿ ತಮ್ಮಂದಿರನ್ನು ಹೊರಡಿಸುವ ಗಡಿಬಿಡಿಯಲ್ಲಿ ತನ್ನ ಬುತ್ತಿಯನ್ನು ಮನೆಯಲ್ಲೇ ಮರೆತಳು. ತರಲು ಹೋಗಿ ಬರುವಷ್ಟರಲ್ಲಿ ಶಾಲೆಯ ಬಸ್ಸು ಹೊರಟುಹೋಗಿತ್ತು. ರಸ್ತೆಯ ಬದಿಯಲ್ಲಿ ಯಾವುದಾದರೂ ಗಾಡಿಗಾಗಿ ಕಾಯುತ್ತ ನಿಂತಾಗ ಬಿಳಿಯ ಮಕ್ಕಳ ಬಸ್ಸು ಅವಳ ಮುಂದೆಯೇ ಹಾದುಹೋಯಿತು. ಅರ್ಧ ಖಾಲಿಯಿದ್ದ ಬಸ್ಸು. ಏನಾದರೂ ಮಾಡಲೇಬೇಕು ಎಂದು ತನಗೆ ಅನ್ನಿಸಿದ್ದು ಆಗ ಎಂದು ಆಕೆ ಮುಂದೆ ತನ್ನ ನೆನಪುಗಳಲ್ಲಿ ಹೇಳಿಕೊಂಡಿದ್ದಾಳೆ.

ಕೆಲವೇ ಗೆಳೆಯರೊಂದಿಗೆ ಗುಟ್ಟಾಗಿ ಯೋಜನೆ ಹಾಕಿದಳು. 1951ರ ಏಪ್ರಿಲ್ 23ರಂದು ಪ್ರಿನ್ಸಿಪಾಲರನ್ನು ಸುಳ್ಳು ಫೋನ್ ಕರೆಯ ಮೂಲಕ ಶಾಲೆಯಿಂದ ಹೊರಗೆ ಕಳಿಸಲಾಯಿತು. ಮಕ್ಕಳೆಲ್ಲ ಸಭಾಂಗಣದಲ್ಲಿ ಸೇರಬೇಕೆಂಬ ಚೀಟಿ ಪ್ರತಿ ತರಗತಿಗೂ ಹೋಯಿತು. ಪರದೆ ಸರಿದಾಗ ವೇದಿಕೆಯ ಮೇಲೆ ನಿಂತಿದ್ದವರು ವಿದ್ಯಾರ್ಥಿಗಳೇ. ಉಪಾಧ್ಯಾಯರು ಹೊರಗೆ ಹೋಗಬೇಕೆಂದು ಕೋರಲಾಯಿತು. ಹೊಸ ಶಾಲೆ ಸಿಗುವವರೆಗೆ ತರಗತಿಗೆ ಬರುವುದಿಲ್ಲ ಎಂದು ಮುಷ್ಕರ ಹೂಡಿದರು. ಎರಡು ವಾರ ಮುಷ್ಕರ ನಡೆಯಿತು.

ಫಸ್ಟ್ ಬ್ಯಾಪ್ಟಿಸ್ಟ್ ಚರ್ಚಿನ ಪಾದ್ರಿ ಫ್ರಾನ್ಸಿಸ್ ಗ್ರಿಫಿನ್ ಮಕ್ಕಳ ಬೆನ್ನಿಗೆ ನಿಂತರು. ಆಲಿವರ್ ಹಿಲ್, ಸ್ಪಾಟ್ಸ್‌ವುಡ್ ರಾಬಿನ್ಸನ್ ಎಂಬ ಇಬ್ಬರು ವಕೀಲರು ರಿಚ್‌ಮಂಡ್‌ನಿಂದ ಬಂದರು. ಒಂದು ಒಳ್ಳೆಯ ಕಟ್ಟಡ ಕೇಳಿದರೆ ಸಾಲದು, ಬೇರೆ ಶಾಲೆ ಎಂಬ ಪದ್ಧತಿಯನ್ನೇ ಪ್ರಶ್ನಿಸುವುದಾದರೆ ಮೊಕದ್ದಮೆ ನಡೆಸುತ್ತೇವೆ ಎಂದರು. ಮಕ್ಕಳೂ ಪೋಷಕರೂ ಒಪ್ಪಿದರು. ಮೇ 23ರಂದು 117 ವಿದ್ಯಾರ್ಥಿಗಳ ಪರವಾಗಿ ದಾವೆ ದಾಖಲಾಯಿತು. ಬೆದರಿಕೆಗಳು ಬಂದವು. ಬಾರ್ಬರಾಳನ್ನು ಮನೆಯವರು ಅಲಬಾಮದ ಮಾಂಟ್‌ಗಮರಿಯಲ್ಲಿದ್ದ ತಂದೆಯ ಸಹೋದರ, ಪಾದ್ರಿ ವರ್ನನ್ ಜಾನ್ಸ್ ಅವರ ಮನೆಗೆ ಕಳಿಸಿದರು. ಅವರ ನಂತರ ಅದೇ ಚರ್ಚಿಗೆ ಪಾದ್ರಿಯಾಗಿ ಬಂದವರು ಮಾರ್ಟಿನ್ ಲೂಥರ್ ಕಿಂಗ್.

ಐದು ವರ್ಷ ಬೀಗ

ದೇಶದ ಬೇರೆ ಬೇರೆ ಕಡೆಯ ಇಂಥ ಐದು ಮೊಕದ್ದಮೆಗಳು ಒಟ್ಟಾಗಿ ಸುಪ್ರೀಂ ಕೋರ್ಟಿನ ಮುಂದೆ ಬಂದವು. ಅದೇ ಪ್ರಸಿದ್ಧ ಬ್ರೌನ್ ಮೊಕದ್ದಮೆ. ಐದರಲ್ಲಿ ವಿದ್ಯಾರ್ಥಿಗಳೇ ಮುಷ್ಕರ ಹೂಡಿ ಆರಂಭಿಸಿದ್ದು ಪ್ರಿನ್ಸ್ ಎಡ್ವರ್ಡ್ ಕೌಂಟಿಯದು ಮಾತ್ರ. 1954ರ ಮೇ 17ರಂದು ತೀರ್ಪು ಬಂತು. ಜನಾಂಗದ ಆಧಾರದ ಮೇಲೆ ಸರ್ಕಾರಿ ಶಾಲೆಗಳನ್ನು ಬೇರ್ಪಡಿಸುವುದು ಸಂವಿಧಾನಕ್ಕೆ ವಿರುದ್ಧ ಎಂದು ಕೋರ್ಟು ಹೇಳಿತು.

ಇಲ್ಲಿ ಹ್ಯಾರಿ ಬರ್ಡ್ ಮತ್ತೆ ಬರುತ್ತಾರೆ. 1926ರ ಗವರ್ನರ್ ಈಗ ಸೆನೆಟ್ ಸದಸ್ಯರಾಗಿದ್ದರು, ರಾಜ್ಯದ ರಾಜಕೀಯದ ಹಿಡಿತ ಅವರ ಕೈಯಲ್ಲಿತ್ತು. ತೀರ್ಪನ್ನು ಎಲ್ಲ ಬಗೆಯಿಂದಲೂ ವಿರೋಧಿಸಬೇಕೆಂದು 1956ರಲ್ಲಿ ಅವರು ಕರೆ ಕೊಟ್ಟರು. ‘ಭಾರೀ ಪ್ರತಿರೋಧ’ ಎಂದೇ ಆ ನೀತಿಗೆ ಹೆಸರಾಯಿತು. ರಾಜ್ಯದ ಚರಿತ್ರೆಯನ್ನು ರಸ್ತೆ ರಸ್ತೆಯಲ್ಲಿ ಬರೆಯಿಸಲು ಆರಂಭಿಸಿದ ಆಡಳಿತಗಾರನೇ, ಆ ಚರಿತ್ರೆಯ ಅತ್ಯಂತ ನಾಚಿಕೆಗೇಡಿನ ಅಧ್ಯಾಯಕ್ಕೂ ಕಾರಣನಾದ.

ಕಪ್ಪು ಮಕ್ಕಳನ್ನು ಸೇರಿಸಿಕೊಳ್ಳುವ ಶಾಲೆಯನ್ನು ಮುಚ್ಚುವ ಕಾನೂನು ರಾಜ್ಯದಲ್ಲಿ ಬಂತು. 1958ರಲ್ಲಿ ವಾರನ್ ಕೌಂಟಿ, ಷಾರ್ಲೆಟ್ಸ್‌ವಿಲ್, ನಾರ್ಫೋಕ್‌ಗಳಲ್ಲಿ ಕೆಲವು ಶಾಲೆಗಳಿಗೆ ಬೀಗ ಬಿತ್ತು. 1959ರ ಜನವರಿಯಲ್ಲಿ ಕೋರ್ಟುಗಳು ಆ ಕಾನೂನನ್ನು ಹೊಡೆದುಹಾಕಿದವು. ಆ ಊರುಗಳಲ್ಲಿ ಶಾಲೆಗಳು ಮತ್ತೆ ತೆರೆದವು. ಪ್ರಿನ್ಸ್ ಎಡ್ವರ್ಡ್ ಕೌಂಟಿಯ ಮಂಡಳಿ ಬೇರೆ ದಾರಿ ಹಿಡಿಯಿತು. ಆಗಲೇ ಹೇಳಿದ ಅಧಿಕಾರವನ್ನು ಅದು ತಲೆಕೆಳಗಾಗಿ ಬಳಸಿತು. ಶಾಲೆಗಳಿಗೆಂದು ತೆರಿಗೆ ಎತ್ತುವುದನ್ನೇ ನಿಲ್ಲಿಸಿತು. ಹಣವಿಲ್ಲದ ಮೇಲೆ ಶಾಲೆಯಿಲ್ಲ. 1959ರ ಶರತ್ಕಾಲದಲ್ಲಿ ಇಡೀ ಕೌಂಟಿಯ ಒಂದೇ ಒಂದು ಸರ್ಕಾರಿ ಶಾಲೆಯೂ ತೆರೆಯಲಿಲ್ಲ.

ಬಿಳಿಯ ಮಕ್ಕಳಿಗಾಗಿ ಖಾಸಗಿ ಶಾಲೆಯೊಂದು ತಕ್ಷಣ ಎದ್ದಿತು. ಆರಂಭದಲ್ಲಿ ಅದಕ್ಕೆ ಸಾರ್ವಜನಿಕ ಹಣದ ನೆರವೂ ದೊರೆಯಿತು. ಸುಮಾರು 1,700 ಕಪ್ಪು ಮಕ್ಕಳಿಗೆ ಯಾವ ಶಾಲೆಯೂ ಇರಲಿಲ್ಲ. ಶುಲ್ಕ ಕಟ್ಟಲಾರದ ಬಡ ಬಿಳಿಯ ಕುಟುಂಬಗಳ ಕೆಲವು ಮಕ್ಕಳಿಗೂ ಅದೇ ಗತಿಯಾಯಿತು. ಕೆಲವರು ಬೇರೆ ಊರಿನ ನೆಂಟರ ಮನೆ ಸೇರಿದರು. ಕ್ವೇಕರ್ ಸಮುದಾಯದ ಸೇವಾ ಸಂಸ್ಥೆಯೊಂದು ಕೆಲವರನ್ನು ದೂರದ ರಾಜ್ಯಗಳ ಅಪರಿಚಿತರ ಮನೆಗಳಲ್ಲಿಟ್ಟು ಓದಿಸಿತು. ಚರ್ಚುಗಳ ನೆಲಮನೆಯಲ್ಲಿ ಅಕ್ಷರ ಮರೆಯದಿರಲೆಂದು ಪಾಠ ನಡೆಯಿತು. ಉಳಿದವರು ಹೊಲಕ್ಕೆ, ಕೂಲಿಗೆ ಹೋದರು. 1959ರಲ್ಲಿ ಆರು ವರ್ಷದ ಮಗುವಾಗಿದ್ದವನಿಗೆ ಮೊದಲ ಬಾರಿ ಶಾಲೆಯ ಬಾಗಿಲು ಕಾಣುವಾಗ ಹತ್ತು ದಾಟಿತ್ತು. ಹೈಸ್ಕೂಲಿನಲ್ಲಿದ್ದವರಲ್ಲಿ ಅನೇಕರಿಗೆ ಆ ಬಾಗಿಲು ಮತ್ತೆ ತೆರೆಯಲೇ ಇಲ್ಲ.

1963ರಲ್ಲಿ ಕೇಂದ್ರ ಸರ್ಕಾರದ ಒತ್ತಾಸೆಯಿಂದ, ದಾನಿಗಳ ಹಣದಲ್ಲಿ ಉಚಿತ ಶಾಲೆಗಳು ಒಂದು ವರ್ಷ ನಡೆದವು. ಪಾದ್ರಿ ಗ್ರಿಫಿನ್ ಅವರ ಮಕ್ಕಳ ಹೆಸರಿನಲ್ಲಿದ್ದ ಮೊಕದ್ದಮೆಯಲ್ಲಿ 1964ರ ಮೇ 25ರಂದು ಸುಪ್ರೀಂ ಕೋರ್ಟು ಕೊನೆಯ ಮಾತು ಹೇಳಿತು. ಇನ್ನು ಸಾವಕಾಶಕ್ಕೆ ಎಡೆಯಿಲ್ಲ, ಕೌಂಟಿಯು ತೆರಿಗೆ ಎತ್ತಿ ಶಾಲೆ ತೆರೆಯಲೇಬೇಕು ಎಂಬುದು ಅದರ ಸಾರ. ಆ ವರ್ಷದ ಶರತ್ಕಾಲದಲ್ಲಿ ಸರ್ಕಾರಿ ಶಾಲೆಗಳು ಮತ್ತೆ ತೆರೆದವು. ಅಷ್ಟರಲ್ಲಿ ಐದು ವರ್ಷ ಕಳೆದಿತ್ತು.

ಕೇಳಿದವರಿಗೆ ಫಲಕ

ಯುದ್ಧದ ಎರಡು ದಿನಗಳಿಗೆ ಸಿಕ್ಕ ಜಾಗ ಈ ಐದು ವರ್ಷಗಳಿಗೆ ಕೂಡಲೇ ಸಿಗಲಿಲ್ಲ. ಬೀಗ ಹಾಕಿದವರೂ ಬೀಗ ಹಾಕಿಸಿಕೊಂಡವರೂ ಅದೇ ಊರಿನಲ್ಲಿ, ಅದೇ ಅಂಗಡಿ ಬೀದಿಯಲ್ಲಿ ಎದುರುಬದುರಾಗಿ ಬದುಕುತ್ತಿದ್ದರು. ಅದರ ಬಗ್ಗೆ ಬಹಿರಂಗವಾಗಿ ಮಾತಾಡುವುದು ಇಬ್ಬರಿಗೂ ಕಷ್ಟವಾಗಿತ್ತು.

ಮಾತು ಹೊರಬರಲು ಒಂದು ಬದಲಾವಣೆ ನೆರವಾಯಿತು. 1976ರ ತನಕ ವರ್ಜೀನಿಯದಲ್ಲಿ ಫಲಕಗಳ ಖರ್ಚು ಸರ್ಕಾರದ್ದು. ಆಮೇಲೆ ಸರ್ಕಾರ ಹಣ ಕೊಡುವುದನ್ನು ನಿಲ್ಲಿಸಿತು. ಊರಿನ ಸಂಘ, ಚರ್ಚು, ಹಳೆಯ ವಿದ್ಯಾರ್ಥಿಗಳು ಯಾರಾದರೂ ಸರಿ, ದಾಖಲೆಯ ಸಮೇತ ಅರ್ಜಿ ಹಾಕಿ ಖರ್ಚು ವಹಿಸಿಕೊಂಡರೆ, ರಾಜ್ಯದ ಮಂಡಳಿ ಪರಿಶೀಲಿಸಿ ಒಪ್ಪಿಗೆ ಕೊಡುವ ಪದ್ಧತಿ ಬಂತು. ಬರಹ ನೂರು ಪದಗಳ ಆಸುಪಾಸಿನಲ್ಲಿ ಇರಬೇಕು. ಪ್ರತಿ ಪದಕ್ಕೂ ಆಧಾರ ಬೇಕು. ಇದರಲ್ಲಿ ಒಳಿತೂ ಇದೆ, ಕೊರತೆಯೂ ಇದೆ. ಹಣವಿಲ್ಲದವರ ಕತೆ ಹಿಂದೆ ಉಳಿಯಬಹುದು ಎಂಬುದು ಕೊರತೆ. ಯಾರನ್ನೂ ಕಾಯದೆ ತಮ್ಮ ಕತೆಯನ್ನು ತಾವೇ ಮುಂದಿಡಬಹುದು ಎಂಬುದು ಒಳಿತು. ಕಪ್ಪು ಜನರ ಶಾಲೆಗಳು, ಚರ್ಚುಗಳು, ನಾಯಕರು ಈ ದಾರಿಯಿಂದಲೇ ಹೆಚ್ಚಾಗಿ ಹೆದ್ದಾರಿಯ ಬದಿಗೆ ಬಂದರು. 2020ರಿಂದ ರಾಜ್ಯ ಸರ್ಕಾರ ಶಾಲಾ ಮಕ್ಕಳಿಗೇ ಹೊಸ ಫಲಕಗಳ ವಿಷಯ ಸೂಚಿಸುವ ಸ್ಪರ್ಧೆಯನ್ನೂ ಆರಂಭಿಸಿತು.

ಮೋಟನ್ ಶಾಲೆಯ ಕಟ್ಟಡವನ್ನು ಮಾರಿಬಿಡುವ ಮಾತು ಬಂದಾಗ ಅದನ್ನು ಉಳಿಸಿದವರೂ ಊರಿನ ಕಪ್ಪು ಮಹಿಳೆಯರು ಮತ್ತು ಹಳೆಯ ವಿದ್ಯಾರ್ಥಿಗಳೇ. 1998ರಲ್ಲಿ ಅದು ರಾಷ್ಟ್ರೀಯ ಚಾರಿತ್ರಿಕ ಸ್ಮಾರಕವಾಯಿತು. ನಂತರ ವಸ್ತುಸಂಗ್ರಹಾಲಯವಾಯಿತು. ಅದರ ಮುಂದಿನ ರಸ್ತೆಗೆ ಈಗ ಪಾದ್ರಿ ಗ್ರಿಫಿನ್ ಅವರ ಹೆಸರಿದೆ.

2003ರಲ್ಲಿ ವರ್ಜೀನಿಯದ ಶಾಸನಸಭೆ ಶಾಲೆ ಮುಚ್ಚಿದ್ದಕ್ಕೆ ವಿಷಾದ ಸೂಚಿಸಿತು. ಅದೇ ವರ್ಷ, ಓದು ನಿಂತುಹೋದವರಿಗೆ ಕೌಂಟಿಯು ಗೌರವ ಪ್ರಮಾಣಪತ್ರಗಳನ್ನು ಕೊಟ್ಟಿತು. ತೆಗೆದುಕೊಂಡವರು ಆಗ ಅಜ್ಜ ಅಜ್ಜಿಯರ ವಯಸ್ಸಿನವರು. 2004ರಲ್ಲಿ ಅಂಥವರಿಗಾಗಿ ರಾಜ್ಯ ವಿದ್ಯಾರ್ಥಿವೇತನದ ಯೋಜನೆ ತಂದಿತು. ಐವತ್ತು, ಅರವತ್ತು ವರ್ಷ ದಾಟಿದ ಮೇಲೆ ಪುಸ್ತಕ ಹಿಡಿದು ಮತ್ತೆ ತರಗತಿಗೆ ಹೋದವರಿದ್ದಾರೆ.

ಇವೆಲ್ಲಕ್ಕಿಂತ ಗಮನ ಸೆಳೆಯುವುದು ಫಾರ್ಮ್‌ವಿಲ್‌ನ ಕೋರ್ಟ್ ಕಟ್ಟಡದ ಮುಂದಿನ ಹುಲ್ಲುಹಾಸಿನಲ್ಲಿರುವ ಒಂದು ಫಲಕ. ಅದು ಹೆದ್ದಾರಿಯ ಬೆಳ್ಳಿ ಬಣ್ಣದ ಫಲಕಗಳ ಸಾಲಿಗೆ ಸೇರಿದ್ದಲ್ಲ. 2008ರಲ್ಲಿ ಅದನ್ನು ಇಡಿಸಿದ್ದು ಕೌಂಟಿಯ ಆಡಳಿತ ಮಂಡಳಿ. 1959ರಲ್ಲಿ ಶಾಲೆಗಳಿಗೆ ಹಣ ನಿಲ್ಲಿಸಿದ್ದೂ ಅದೇ ಮಂಡಳಿ, ಆಗಿನ ಸದಸ್ಯರ ಕಾಲದಲ್ಲಿ. ಬಾರ್ಬರಾ ಜಾನ್ಸ್ ಮತ್ತು ಅವಳ ಜತೆಗಾರರನ್ನು ಆ ಫಲಕ ಗೌರವದಿಂದ ನೆನೆಯುತ್ತದೆ. ಶಾಲೆ ಮುಚ್ಚಿದ್ದು ತಪ್ಪು ಎಂದು ನೇರವಾಗಿ ಒಪ್ಪಿಕೊಳ್ಳುತ್ತದೆ. ಅದರಿಂದ ಹಾಳಾದ ಬದುಕುಗಳಿಗಾಗಿ ದುಃಖಿಸುತ್ತದೆ. ಅದರ ಜತೆಗೆ ಕೋರ್ಟ್ ಕಟ್ಟಡದ ಗಂಟೆಗೋಪುರದಲ್ಲಿ ಸಾಮರಸ್ಯದ ದೀಪವನ್ನೂ ಹಚ್ಚಲಾಯಿತು. ಸರ್ಕಾರಗಳು ತಮ್ಮ ಗೆಲುವಿಗೆ ಫಲಕ ಹಾಕುವುದು ಎಲ್ಲೆಡೆ ಇದ್ದದ್ದೇ. ತನ್ನದೇ ತಪ್ಪಿಗೆ, ತನ್ನದೇ ಅಂಗಳದಲ್ಲಿ, ತನ್ನದೇ ಖಾತೆಯಲ್ಲಿ ಫಲಕ ನಿಲ್ಲಿಸುವ ಆಡಳಿತ ಅಪರೂಪ.

ಅದರಿಂದ ಕಳೆದುಹೋದ ಐದು ವರ್ಷ ಮರಳಿ ಬಂತೇ ಎಂದು ಯಾರಾದರೂ ಕೇಳಬಹುದು. ಬರಲಿಲ್ಲ. ಲೋಹದ ತಗಡು ಯಾರಿಗೂ ಓದು ಕಲಿಸಲಾರದು. ಆದರೆ ಅಂದು ಶಾಲೆಯಿಲ್ಲದೆ ಉಳಿದ ಮಗು ಇಂದು ಮುದುಕನಾಗಿ ಮೊಮ್ಮಗನ ಕೈಹಿಡಿದು ಆ ಹುಲ್ಲುಹಾಸಿಗೆ ಬಂದರೆ, ನನಗೆ ಓದು ಬರದಿದ್ದುದು ನನ್ನ ದಡ್ಡತನದಿಂದ ಅಲ್ಲ ಎಂದು ತೋರಿಸಲು ಅಲ್ಲಿ ಸಾಕ್ಷಿ ಇದೆ. ಜೀವನವಿಡೀ ಅಕ್ಷರಕ್ಕಾಗಿ ನಾಚಿಕೆಪಟ್ಟವರಿಗೆ ಇದು ಸಣ್ಣ ವಿಷಯವಲ್ಲ.

ಫಲಕವನ್ನು ಓದುವ ಬಗೆ

ಪ್ರಿನ್ಸ್ ಎಡ್ವರ್ಡ್ ಕೌಂಟಿಯ ಫಲಕಗಳನ್ನು ಎರಡು ರೀತಿ ಓದಬಹುದು. ಘಟನೆ ನಡೆದ ಇಸವಿಯ ಕ್ರಮದಲ್ಲಿ ಓದಿದರೆ 1754, 1810, 1865, 1951, 1959 ಎಂದು ಕೌಂಟಿಯ ಕತೆ ಸಿಗುತ್ತದೆ. ಫಲಕ ನಿಂತ ಕಾಲದ ಕ್ರಮದಲ್ಲಿ ಓದಿದರೆ ಇನ್ನೊಂದು ಕತೆ ಸಿಗುತ್ತದೆ: ಮೊದಲು ಸೇನಾಪತಿಗಳು, ಬಹಳ ತಡವಾಗಿ ಬಿಡುಗಡೆಯಾದ ಗುಲಾಮರು, ಶಾಲೆಯ ಮಕ್ಕಳು. ಎರಡನೆಯದು ಆ ಸಮಾಜದ ಮನಸ್ಸು ಬದಲಾದ ಕತೆ.

ಹಾಗಾಗಿ ಎಲ್ಲೇ ಒಂದು ಫಲಕ ಕಂಡರೂ ಅದು ಏನು ಹೇಳುತ್ತದೆ ಎಂಬುದರ ಜತೆಗೆ ಇನ್ನೂ ಎರಡು ಪ್ರಶ್ನೆ ಕೇಳುವುದು ಒಳ್ಳೆಯದು. ಇದನ್ನು ಯಾವಾಗ, ಯಾರು ನಿಲ್ಲಿಸಿದರು? ಇದೇ ರಸ್ತೆಯಲ್ಲಿ ಫಲಕವಿಲ್ಲದೆ ಉಳಿದ ಜಾಗ ಯಾವುದು? ಈ ಪ್ರಶ್ನೆಗಳಿಗೆ ಉತ್ತರ ಫಲಕದಲ್ಲಿ ಇರುವುದಿಲ್ಲ. ಊರಿನ ಹಿರಿಯರಲ್ಲಿ, ಹಳೆಯ ಹಾಜರಿ ಪುಸ್ತಕಗಳಲ್ಲಿ, ಕೋರ್ಟಿನ ಕಡತಗಳಲ್ಲಿ ಇರುತ್ತದೆ.

ಕೊನೆಯದಾಗಿ ಒಂದು ಸಂಗತಿ. ವಾಷಿಂಗ್ಟನ್‌ನ ಸಂಸತ್ ಭವನದಲ್ಲಿ ಅಮೆರಿಕದ ಪ್ರತಿ ರಾಜ್ಯಕ್ಕೂ ಎರಡು ಪ್ರತಿಮೆಗಳನ್ನು ಇಡುವ ಅವಕಾಶವಿದೆ. ವರ್ಜೀನಿಯ 1909ರಿಂದ ಇಟ್ಟಿದ್ದು ಜಾರ್ಜ್ ವಾಷಿಂಗ್ಟನ್ ಮತ್ತು ರಾಬರ್ಟ್ ಲೀ ಅವರದು. 2020ರ ಡಿಸೆಂಬರಿನಲ್ಲಿ ಲೀ ಪ್ರತಿಮೆಯನ್ನು ಅಲ್ಲಿಂದ ತೆಗೆಯಲಾಯಿತು. ಆ ಜಾಗಕ್ಕೆ ಯಾರ ಪ್ರತಿಮೆ ಎಂದು ನಿರ್ಧರಿಸಲು ನೇಮಿಸಿದ್ದ ಸಮಿತಿ ಆರಿಸಿದ್ದು ಬಾರ್ಬರಾ ಜಾನ್ಸ್ ಹೆಸರನ್ನು. ಫಿಲಡೆಲ್ಫಿಯದ ಶಾಲೆಗಳಲ್ಲಿ ಗ್ರಂಥಪಾಲಕಿಯಾಗಿ ದುಡಿದು 1991ರಲ್ಲಿ ತೀರಿಕೊಂಡ ಆಕೆ ಇದನ್ನು ನೋಡಲಿಲ್ಲ. 1865ರಲ್ಲಿ ಲೀ ಸೋತು ಹಾದುಹೋದ ಕೌಂಟಿಯಲ್ಲೇ, 86 ವರ್ಷಗಳ ನಂತರ, ಬಸ್ಸು ತಪ್ಪಿದ ಹುಡುಗಿಯೊಬ್ಬಳು ರಸ್ತೆಯ ಬದಿಯಲ್ಲಿ ನಿಂತಿದ್ದಳು. ಡಾರ್ಲಿಂಗ್ಟನ್ ಹೈಟ್ಸ್‌ನಿಂದ ಫಾರ್ಮ್‌ವಿಲ್‌ಗೆ ಹೋಗುವ ಮಕ್ಕಳ ಬಸ್ಸುಗಳಲ್ಲಿ ಈಗ ಕಪ್ಪು, ಬಿಳಿ ಎಂಬ ಎರಡು ಬಸ್ಸುಗಳಿಲ್ಲ.